ಪಾಠದ ವಿಡಿಯೋ ಮಾಡೋದನ್ನೂ ಕಾಲೇಜಲ್ಲಿ ಓದ್ಬೇಕಾ ಅಕ್ಕಾ?

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಮಡಿಕೇರಿಲಿ ಬಿಸಿಎ ಎರಡನೇ ವರ್ಷ, ಊರು ಸೋಮವಾರಪೇಟೆ ಹತ್ರ. ಕೋಡಿಂಗ್ ಬರತ್ತೆ ಆದ್ರೆ ಮನಸ್ಸಿಲ್ಲ. ಕೋವಿಡ್ ಟೈಮಲ್ಲಿ ತಮ್ಮನಿಗೆ ಆನ್‌ಲೈನ್ ಕ್ಲಾಸ್ ತಲೆಗೆ ಹೋಗ್ತಿರ್ಲಿಲ್ಲ, ನಾನೇ ಅಕ್ಕಿರೊಟ್ಟಿ ತುಂಡು ಮಾಡಿ ಭಿನ್ನರಾಶಿ ಹೇಳ್ಕೊಟ್ಟು ಫೋನಲ್ಲಿ ಚಿಕ್ಕ ಚಿಕ್ಕ ವಿಡಿಯೋ ಮಾಡ್ದೆ, ಅವನ ಕ್ಲಾಸ್ ಹುಡುಗ್ರೆಲ್ಲ ಅದನ್ನೇ ನೋಡಿದ್ರು. ಇನ್‌ಸ್ಟ್ರಕ್ಷನಲ್ ಮೀಡಿಯಾ ಡಿಸೈನ್, ಅಂದ್ರೆ ಪಾಠದ ವಿಡಿಯೋ ತರದ್ದನ್ನ ರೂಪಿಸೋದು, ಅಂತ ಓದೋಕಿದೆಯಂತಲ್ಲ? ಅಪ್ಪ ಮಾತ್ರ "ವಿಡಿಯೋ ಎಡಿಟಿಂಗ್‌ಗೆ ಕಾಲೇಜ್ ಯಾಕೆ, ಸ್ಟುಡಿಯೋಗೆ ಹೋದ್ರೆ 3 ತಿಂಗಳಲ್ಲಿ ಕಲಿಸ್ತಾರೆ" ಅಂತಾರೆ. ನಂಗೆ ಚಿತ್ರ ಬಿಡ್ಸೋಕೂ ಬರಲ್ಲ.

ಉತ್ತರ: ತಂಗಿ, ಎಡಿಟಿಂಗ್ ವಿಷ್ಯದಲ್ಲಿ ಅಪ್ಪ ಹೇಳಿದ್ದು ಸರಿನೇ, ಅದಕ್ಕೋಸ್ಕರ ಕಾಲೇಜ್ ಬೇಡ. ಕಾಲೇಜಲ್ಲಿ ಓದೋದು ಬೇರೆ. ಪಾಠದ ವಿಡಿಯೋನ ಯಾರು ನೋಡ್ತಾರೆ, ಅವ್ರಿಗೆ ಈಗಾಗ್ಲೇ ಏನ್ ಗೊತ್ತಿದೆ, ನೋಡಿದ್ಮೇಲೆ ಅವ್ರ ಕೈಲಿ ಯಾವ ಕೆಲ್ಸ ಆಗ್ಬೇಕು, ಆಯ್ತೋ ಇಲ್ವೋ ಅಂತ ನಾವು ತಿಳ್ಕೊಳ್ಳೋದು ಹೇಗೆ, ಇದು.

ನಂದೇ ಒಂದು ಕಥೆ ಹೇಳ್ತೀನಿ. ಈ ಕೆಲ್ಸಕ್ಕೆ ಬಂದ ಹೊಸದ್ರಲ್ಲಿ ತೋಟದ ಕೆಲಸಗಾರ್ರಿಗೆ ಬೋರರ್ (ಕಾಂಡ ಕೊರೆಯೋ ಹುಳ) ಹಿಡಿದ ಕಾಫಿ ಗಿಡ ಗುರ್ತಿಸೋದು ಹೇಗೆ ಅಂತ 12 ನಿಮಿಷದ ವಿಡಿಯೋ ಮಾಡಿದ್ವಿ, ಹುಳದ ಜೀವನಚಕ್ರ, ಗ್ರಾಫಿಕ್ಸ್, ಮ್ಯೂಸಿಕ್ ಎಲ್ಲ ಹಾಕಿ. ಸಂಜೆ ಲೈನ್‌ಮನೆ ಅಂಗಳದಲ್ಲಿ ತೋರ್ಸಿದ್ವಿ, ಎಲ್ರೂ ಚೆನ್ನಾಗಿದೆ ಅಂದ್ರು, ನಂಗೂ ಖುಷಿ. ಮಾರನೇ ದಿನ ಅವ್ರ ಜೊತೆ ಅರೇಬಿಕಾ ಬ್ಲಾಕಿಗೆ ಹೋದ್ರೆ, ಎಲೆ ಹಳದಿ ಆದ ಗಿಡಕ್ಕೆಲ್ಲ ಗುರ್ತು ಹಾಕ್ತಿದಾರೆ, ಗೊಬ್ಬರ ಸಾಲದೆ ಹಳದಿ ಆಗಿದ್ದನ್ನೂ ಸೇರ್ಸಿ, ಯಾಕಂದ್ರೆ ನಮ್ಮ ವಿಡಿಯೋದಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಇದ್ದಿದ್ದೇ ಹಳದಿ ಎಲೆ. ಒಬ್ಬರು ಅಜ್ಜಿ ಮಾತ್ರ ಎಲೆ ಕಡೆ ನೋಡ್ಲೇ ಇಲ್ಲ. ಬಗ್ಗಿ ಕಾಂಡದ ಮೇಲೆ ಹೆಬ್ಬೆರಳು ಒತ್ತಿ ಮೇಲಿಂದ ಕೆಳಗೆ ಎಳ್ಕೊಂಡು ಬಂದ್ರು, ಒಂದ್ ಕಡೆ ಬೆರಳು ನಿಲ್ತು, "ಇಲ್ಲಿ ಉಬ್ಬಿದೆ, ಮುಟ್ಟಿ ನೋಡು" ಅಂದ್ರು. ಮುಟ್ಟಿದೆ. ತೊಗಟೆ ಅಡಿಲಿ ಬಳೆ ಇಟ್ಟ ಹಾಗೆ ಸುತ್ತ ಏಣು ಎದ್ದಿತ್ತು, ಮರಿಹುಳ ಒಳಗೆ ಕೊರ್ಕೊಂಡು ಹೋದ ದಾರಿ ಅದು. ಆ ಹೆಬ್ಬೆರಳು ನಮ್ಮ 12 ನಿಮಿಷದಲ್ಲಿ ಎಲ್ಲೂ ಇರ್ಲಿಲ್ಲ.

ಆಮೇಲೆ ಅಜ್ಜಿ ಕೈಯನ್ನೇ ಹತ್ರದಿಂದ ಶೂಟ್ ಮಾಡಿ 2 ನಿಮಿಷಕ್ಕೆ ಇಳಿಸಿದ್ವಿ. ಇನ್ನೊಂದು, ಈ ಬೋರರ್ ಜೀರುಂಡೆ ಹೊರಗೆ ಹಾರೋದು ಏಪ್ರಿಲ್-ಮೇ ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್, ಅಷ್ಟರೊಳಗೆ ಹಿಡಿದ ಗಿಡ ಕಿತ್ತು ಸುಡ್ಬೇಕು, ಹಾಗಾಗಿ ವಿಡಿಯೋ ಮಾರ್ಚಲ್ಲಿ, ಸೆಪ್ಟೆಂಬರಲ್ಲಿ ಅವ್ರ ಫೋನಿಗೆ ಹೋಗ್ಬೇಕು, ಜೂನಲ್ಲಿ ಮಳೆ ಹಿಡ್ಕೊಂಡ್ಮೇಲೆ ಕಳ್ಸಿದ್ರೆ ಏನೂ ಪ್ರಯೋಜನ ಇಲ್ಲ. ಯಾವಾಗ ತಲುಪ್ಬೇಕು ಅನ್ನೋದೂ ಡಿಸೈನೇ ಕಣಮ್ಮ.

ಕಾಲೇಜಲ್ಲಿ ಇದಕ್ಕೆ ಆಡಿ (ADDIE) ಮಾಡೆಲ್ ಅಂತ ಕಲಿಸ್ತಾರೆ: ಕಲಿಯೋರನ್ನ ಅರ್ಥ ಮಾಡ್ಕೊಳ್ಳೋದು, ಪ್ಲಾನ್ ಹಾಕೋದು, ತಯಾರಿಸೋದು, ಬಳಕೆಗೆ ತರೋದು, ಪರೀಕ್ಷಿಸೋದು, ಈ ಐದು ಹಂತ. 1975ರಲ್ಲಿ ಅಮೆರಿಕದ ಸೈನ್ಯದ ತರಬೇತಿಗೋಸ್ಕರ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಲಿ ಮಾಡಿದ್ದು. ಅದೇ 1975ರ ಆಗಸ್ಟಲ್ಲಿ ನಮ್ಮ ಇಸ್ರೋದವ್ರು ನಾಸಾದ ಉಪಗ್ರಹ ತಗೊಂಡು ಒಂದು ವರ್ಷ 6 ರಾಜ್ಯದ ಸುಮಾರು 2400 ಹಳ್ಳಿಗೆ ಟಿವಿ ಪಾಠ ಕಳ್ಸಿದ್ರು, ಸೈಟ್ (SITE) ಅಂತ ಹೆಸರು, ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆ ಹಳ್ಳಿಗಳೂ ಇದ್ವು. ನಂಗೆ ಅದ್ರಲ್ಲಿ ತುಂಬಾ ಇಷ್ಟ ಆಗೋದು ಅಂದ್ರೆ ಸಂಶೋಧಕರು ಹಳ್ಳಿಲೇ ಉಳ್ಕೊಂಡು ಜನ ಹೇಗೆ ನೋಡ್ತಾರೆ, ಏನ್ ಅರ್ಥ ಮಾಡ್ಕೊಳ್ತಾರೆ ಅಂತ ಕೂತು ಬರ್ಕೊಂಡಿದ್ದು. ಇದನ್ನ ಅಪ್ಪನಿಗೆ ಹೇಳು.

ಇನ್ನು ಕೋರ್ಸ್. ಇದೇ ಹೆಸರಿನ ಡಿಗ್ರಿ ಹುಡುಕ್ತಾ ಕೂತ್ರೆ ನಿರಾಸೆ ಆಗತ್ತೆ, ನಮ್ಮಲ್ಲಿ ಇದು ಕಮ್ಯುನಿಕೇಷನ್ ಡಿಸೈನ್, ಎಜುಕೇಷನಲ್ ಟೆಕ್ನಾಲಜಿ, ಇನ್‌ಸ್ಟ್ರಕ್ಷನಲ್ ಡಿಸೈನ್ ಅಂತ ಬೇರೆ ಬೇರೆ ಹೆಸರಲ್ಲಿ ಸಿಗತ್ತೆ, ಹೆಸರು ಬಿಟ್ಟು ಸಿಲಬಸ್ ಓದು. ಬಿಸಿಎ ಬಿಡ್ಬೇಡ. ಎಂ.ಡೆಸ್‌ಗೆ, ಅಂದ್ರೆ ಡಿಸೈನ್‌ನಲ್ಲಿ ಮಾಸ್ಟರ್ಸ್‌ಗೆ, ಐಐಟಿ ಬಾಂಬೆ ನಡ್ಸೋ ಸೀಡ್ (CEED) ಪ್ರವೇಶ ಪರೀಕ್ಷೆನ ಡಿಗ್ರಿ ಕೊನೇ ವರ್ಷದಲ್ಲೇ ಬರೀಬಹುದು. ಅದ್ರ ಎರಡನೇ ಭಾಗದಲ್ಲಿ ಕೈಯಲ್ಲಿ ಸ್ಕೆಚ್ ಮಾಡೋದು ಇರತ್ತೆ, ಹಾಗಾಗಿ ಚಿತ್ರ ಬರಲ್ಲ ಅಂತ ಕೂರ್ಬೇಡ, ದಿನಾ ಅರ್ಧ ಗಂಟೆ ಪೆನ್ಸಿಲ್ ಹಿಡಿ. ಕೋಡಿಂಗೂ ವೇಸ್ಟ್ ಆಗಲ್ಲ, ಮೂಡಲ್ ತರ ಆನ್‌ಲೈನ್ ಪಾಠದ ಸಿಸ್ಟಮ್ ಗೊತ್ತಿರೋ ಡಿಸೈನರ್‌ಗೆ ಬೇಡಿಕೆ ಇದೆ.

ಆ ಅಕ್ಕಿರೊಟ್ಟಿ ವಿಡಿಯೋ ಡಿಲೀಟ್ ಮಾಡಿಲ್ಲ ತಾನೇ? ಭಿನ್ನರಾಶಿ ಕಲೀತಿರೋ ಐದು ಮಕ್ಕಳಿಗೆ ತೋರ್ಸು, ಪಕ್ಕದಲ್ಲಿ ಸುಮ್ನೆ ಕೂತು ಎಲ್ಲಿ ನಿಲ್ಲಿಸ್ತಾರೆ, ಎಲ್ಲಿ ಹಿಂದೆ ಎಳೀತಾರೆ ಬರ್ಕೋ, ಆಮೇಲೆ ರೊಟ್ಟಿ ಇಲ್ಲದ ಒಂದು ಲೆಕ್ಕ ಕೊಡು. ಎಡವಿದ್ ಕಡೆ ತಿದ್ದಿ ಇನ್ನೊಂದ್ಸಲ ಮಾಡು. ಮೊದಲನೇದು, ಎರಡನೇದು, ನಿನ್ನ ನೋಟ್ಸು, ಮೂರನ್ನೂ ಪೋರ್ಟ್‌ಫೋಲಿಯೋಗೆ, ಅಂದ್ರೆ ನೀನು ಮಾಡಿದ ಕೆಲ್ಸ ತೋರ್ಸೋ ಸಂಗ್ರಹಕ್ಕೆ, ಹಾಕು.

ಪ್ರಶ್ನೆ: ನಾನು ಕುಶಾಲನಗರ ಕಡೆ ಹೈಸ್ಕೂಲ್ ಟೀಚರ್. ಸ್ಮಾರ್ಟ್ ಕ್ಲಾಸಿಗೆ ಕಷ್ಟಪಟ್ಟು ಸ್ಲೈಡ್ ಮಾಡಿ ಒಂದೊಂದು ಸಾಲೂ ಓದಿ ಹೇಳ್ತೀನಿ, ಆದ್ರೂ ಮಕ್ಕಳು ಆಕಳಿಸ್ತಾರೆ. ಎಲ್ಲಿ ತಪ್ಪಾಗ್ತಿದೆ ಮೇಡಂ?

ಉತ್ತರ: ಓದಿ ಹೇಳೋದ್ರಲ್ಲೇ ಮೇಡಂ. ರಿಚರ್ಡ್ ಮೇಯರ್ ಅಂತ ಅಮೆರಿಕದ ಮನೋವಿಜ್ಞಾನಿ ಇದನ್ನ ತುಂಬಾ ಪ್ರಯೋಗ ಮಾಡಿ ನೋಡಿದಾರೆ, ಚಿತ್ರದ ಜೊತೆ ಮಾತು ಇದ್ರೆ ಮಕ್ಕಳು ಚೆನ್ನಾಗಿ ಕಲೀತಾರೆ, ಅದೇ ಮಾತನ್ನ ಅಕ್ಷರದಲ್ಲೂ ತುಂಬಿದ್ರೆ ಕಣ್ಣು ಚಿತ್ರ ಬಿಟ್ಟು ಸಾಲಿನ ಹಿಂದೆ ಓಡತ್ತೆ. ಹೃದಯದ ಪಾಠ ಅಂದ್ರೆ ಚಿತ್ರ ದೊಡ್ಡದಾಗಿ ಇರ್ಲಿ, ಭಾಗದ ಹೆಸರು ಆ ಭಾಗದ ಪಕ್ಕದಲ್ಲೇ ಇರ್ಲಿ, ಉಳಿದಿದ್ದು ನೀವು ಬಾಯಲ್ಲಿ ಹೇಳಿ. ಒಂದು ವಿಷ್ಯ ಮಾತ್ರ ನೆನಪಿರ್ಲಿ, ನಿಮ್ಮ ಕ್ಲಾಸಲ್ಲಿ ಮನೇಲಿ ಕೊಡವ ತಕ್ಕ್, ಅರೆಭಾಷೆ, ಎರವ ಭಾಷೆ ಮಾತಾಡೋ ಮಕ್ಕಳೂ ಇರ್ತಾರೆ, ಅವ್ರಿಗೆ ಹೃತ್ಕರ್ಣ, ಹೃತ್ಕುಕ್ಷಿ ಅನ್ನೋ ಪದ ಕಿವಿಗೆ ಬಿದ್ದ ತಕ್ಷಣ ಹಿಡಿಯೋಕಾಗಲ್ಲ, ಅಂಥ ಹೊಸ ಪದ ಮಾತ್ರ ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ ಬಿಡಿ.