ಪ್ರಶ್ನೆ: ಒಂದು ವರ್ಷದಲ್ಲಿ ಸತ್ಯವೇದ (ಬೈಬಲ್) ಓದಿ ಮುಗಿಸೋ ಪ್ಲ್ಯಾನಲ್ಲಿ ಇದ್ದೀನಿ, ಅದರಲ್ಲಿ ಕಟ್ಟಳೆಗಳೇ ತುಂಬಿರೋ ಯಾಜಕಕಾಂಡ, ಧರ್ಮೋಪದೇಶಕಾಂಡ ಬಿಟ್ಟು ಮುಂದೆ ಹೋಗ್ಬಹುದಾ? ನಾವು ಯೇಸುವಿನ ಕೃಪೆಯಲ್ಲಿ ಇರೋರಿಗೆ ಮೋಶೆಯ ಧರ್ಮಶಾಸ್ತ್ರ ಯಾಕೆ? ಓದೋಕೆ ಯಾವ ಆ್ಯಪ್ ಒಳ್ಳೇದು?

ಬಿಡ್ಬೇಡಿ. ಬಿಡ್ಬೇಕಾಗಿರೋದು ಆ ಒಂದು ವರ್ಷದ ಪ್ಲ್ಯಾನು.

ನಾನೂ ಹೀಗೇ ಜನವರಿ ಒಂದಕ್ಕೆ ಆದಿಕಾಂಡ ಜೋರಾಗಿ ಶುರು ಮಾಡಿದ್ದೆ, ಇಸ್ರಾಯೇಲ್ಯರು ಆರಾಧನೆಗೆ ಕಟ್ಟಿದ ದೇವದರ್ಶನದ ಗುಡಾರದ ಅಳತೆ ಬರೋ ಕಡೆ ಸುಸ್ತಾಯ್ತು, ಯಾಜಕಕಾಂಡಕ್ಕೆ ಬಂದ್ಮೇಲೆ ಆ ಬಲಿ ಈ ಬಲಿ, ಕುಷ್ಠ, ಗೋಡೆ ಮೇಲಿನ ಬೂಷ್ಟು ಅಂತ ಕಣ್ಣು ಓಡ್ತಾ ಇತ್ತು ತಲೆಗೆ ಏನೂ ಇಳೀತಿರ್ಲಿಲ್ಲ. ಒಟ್ಟು 1189 ಅಧ್ಯಾಯ, 365 ದಿನಕ್ಕೆ ಹಂಚಿದ್ರೆ ದಿನಕ್ಕೆ ಮೂರು ಚಿಲ್ರೆ. ಓದೋದು, ಚಾರ್ಟಲ್ಲಿ ತಾರೀಕು ಬರ್ದು ಟಿಕ್ ಹಾಕೋದು, ಎದ್ದು ಕೆಲಸಕ್ಕೆ ಹೋಗೋದು. ಸಭೇಲಿ (ಚರ್ಚಲ್ಲಿ) ಪಾಸ್ಟರ್ ಅಯ್ಯನೋರು ಎಲ್ಲಿಗೆ ಬಂತಪ್ಪಾ ಅಂದ್ರೆ ತಕ್ಷಣ ಹೇಳ್ತಿದ್ದೆ.

ಆಗ ಮಂಡ್ಯದ ಹತ್ರ ನಮ್ದೊಂದು ಆಲೆಮನೆ ಇತ್ತು. ಈ ಕಡೆ ಆಲೆಮನೆಗಳಲ್ಲಿ ಉತ್ತರಪ್ರದೇಶದ ಕಡೆಯಿಂದ ಬಂದ ಹುಡುಗ್ರು ಕೆಲಸ ಮಾಡೋದು ನೋಡಿರ್ತೀರ. ನಮ್ಮಲ್ಲಿ ಕೊಪ್ಪರಿಗೆ ಹತ್ರ ಪಾಕ ನೋಡ್ಕೊಳ್ಳೋನು ಅಂಥವನೇ. ಒಂದು ತೊಟ್ಟು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ತಲೆ ಆಡಿಸ್ದ ಅಂದ್ರೆ ಕೊಪ್ಪರಿಗೆ ಇಳಿಸ್ಬೇಕು, ಅವನ ಹದ ತಪ್ಪಿದ್ದೇ ನೋಡಿಲ್ಲ. ಫೆಬ್ರವರಿ ಕೊನೇಲಿ ಬಂದು "ಮಾಲೀಕ್, ಹೋಳಿ ಹಬ್ಬಕ್ಕೆ ಊರಿಗೆ ಹೋಗ್ಬೇಕು, ಲೆಕ್ಕ ಮಾಡ್ಕೊಟ್ಬಿಡಿ" ಅಂದ. ಮಂಡಿಯಿಂದ ಬೆಲ್ಲದ ದುಡ್ಡು ಬಂದಿಲ್ಲ ಕಣೋ, ಸೋಮವಾರ ನೋಡಣ ಅಂದೆ. ಸೋಮವಾರವೂ ಅದನ್ನೇ ಹೇಳ್ದೆ.

ಮಂಡಿ ದುಡ್ಡು ಬಂದಿರ್ಲಿಲ್ಲ ನಿಜ. ಆದ್ರೆ ಮನೆ ಬೀರುಲಿ ದುಡ್ಡಿತ್ತು. ಮಗಳ ಫೀಸಿಗೆ ಅಂತ ಎತ್ತಿಟ್ಟಿದ್ದು, ಅದನ್ನ ಕೊಟ್ಟು ಆಮೇಲೆ ತುಂಬಿಸ್ಕೊಬಹುದಿತ್ತು. ಕೊಡ್ದೇ ಇದ್ದಿದ್ದಕ್ಕೆ ಕಾರಣ ಬೇರೆ, ಕೂಲಿ ಕೈಗೆ ಬಂದ್ರೆ ಹಬ್ಬಕ್ಕೆ ಹೋದೋನು ವಾಪಸ್ ಬರಲ್ಲ, ನನ್ನ ಹತ್ರ ಬಾಕಿ ಇದ್ರೆ ಎಲ್ಲೂ ಹೋಗಲ್ಲ ಅಂತ. ಇದನ್ನ ಯಾರಿಗೂ ಹೇಳಿರ್ಲಿಲ್ಲ, ನನ್ನ ಹೆಂಡ್ತಿಗೂ ಮಂಡಿಯೋರ ಮೇಲೇ ಹಾಕಿದ್ದೆ. ಅಂದ್ರೆ ಅವನ ಬೆವರಿನ ದುಡ್ಡನ್ನೇ ಅವನ ಕಾಲಿಗೆ ಹಗ್ಗ ಮಾಡಿದ್ದೆ ನಾನು. ಅಕ್ಕಪಕ್ಕದ ಆಲೆಮನೆಯೋರೂ ಹಾಗೇ ಮಾಡ್ತಿದ್ರು, ಅದಕ್ಕೆ ತಪ್ಪು ಅಂತ ಅನಿಸ್ಲೇ ಇಲ್ಲ.

ಒಂದು ಬೆಳಗ್ಗೆ ಹೋಗಿ ನೋಡ್ತೀನಿ ಶೆಡ್ ಖಾಲಿ. ಜೊತೆಯೋರೂ ಹೊರಟೋಗಿದ್ರು, ಫೋನ್ ಸ್ವಿಚ್ ಆಫ್. ಕಡಿದು ತಂದು ಹಾಕಿದ್ದ ಕಬ್ಬು ಅಂಗಳದಲ್ಲೇ ಒಣಗ್ತು, ಹೊಸಬರನ್ನ ಕರ್ಕೊಬಂದು ಅರೆಸಿದ್ರೆ ಬೆಲ್ಲ ಅಚ್ಚಲ್ಲಿ ಕೂರ್ಲೇ ಇಲ್ಲ. ಆಲೆಮನೆ ನಿಂತೋಯ್ತು, ಹೋಗ್ಲಿ. ಅವನ ಕೂಲಿ ಇವತ್ತಿಗೂ ನನ್ನ ಹತ್ರಾನೇ ಇದೆ, ಯಾರ ಕೈಗೆ ಕೊಡ್ಲಿ ಹೇಳಿ?

ಎಷ್ಟೋ ದಿನ ಆದ್ಮೇಲೆ ಯಾರದೋ ಮನೇಲಿ ಕಾಟೇಜ್ ಪ್ರೇಯರಿಗೆ ಅಂತ ಧರ್ಮೋಪದೇಶಕಾಂಡ 24 ತೆಗೆದೆ. 14, 15ನೇ ವಚನ ನೋಡಿ. ಕೂಲಿಯವನು ನಿಮ್ಮವನೇ ಆಗಿರ್ಲಿ ಪರದೇಶದಿಂದ ಬಂದವನೇ ಆಗಿರ್ಲಿ ಹಿಂಸೆ ಮಾಡ್ಬೇಡಿ, ಹೊತ್ತು ಮುಳುಗೋದ್ರೊಳಗೆ ಆ ದಿನದ ಕೂಲಿ ಕೊಟ್ಬಿಡಿ, ಅವನು ಬಡವ, ಅದನ್ನೇ ನಂಬ್ಕೊಂಡಿದ್ದಾನೆ, ಅವನು ದೇವರಾದ ಯೆಹೋವನಿಗೆ ಮೊರೆ ಇಟ್ರೆ ಆ ಪಾಪ ನಿಮ್ದು. ಚಾರ್ಟ್ ತೆಗೆದು ನೋಡಿದ್ರೆ ಆ ಅಧ್ಯಾಯಕ್ಕೆ ಹಾಕಿದ್ದ ತಾರೀಕು ಅವನು ಬಂದು ಕೇಳಿದ ವಾರದ್ದೇ. ಓದಿದ್ದೀನಿ, ಟಿಕ್ ಹಾಕಿದ್ದೀನಿ.

ಅದಕ್ಕೇ ಕೃಪೆ ಇರೋರಿಗೆ ಧರ್ಮಶಾಸ್ತ್ರ ಯಾಕೆ ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ವಿಮೋಚನಕಾಂಡ 20 ಓದುವಾಗ ಎಲ್ಲರೂ ಹತ್ತು ಆಜ್ಞೆಗೆ ಹಾರ್ತಾರೆ, ಅದಕ್ಕೆ ಮುಂಚೆ 2ನೇ ವಚನದಲ್ಲಿ ದೇವರು ಹೇಳೋದು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನ ಬಿಡಿಸಿ ತಂದವನು ನಾನು ಅಂತ. ಬಿಡುಗಡೆ ಮೊದಲು, ಆಜ್ಞೆ ಆಮೇಲೆ. ಆದಿಕಾಂಡ 15ರಲ್ಲಿ ದೇವರು ಅಬ್ರಾಮನ ಜೊತೆ ಒಡಂಬಡಿಕೆ ಮಾಡ್ತಾನೆ. ಒಡಂಬಡಿಕೆಗೆ ಒಪ್ಪೋರು ಕಡಿದ ಪ್ರಾಣಿಗಳ ತುಂಡುಗಳ ಮಧ್ಯೆ ನಡೀಬೇಕು. ಆದ್ರೆ ಅಬ್ರಾಮನಿಗೆ ಆಗ ಗಾಢ ನಿದ್ದೆ, ಆ ತುಂಡುಗಳ ಮಧ್ಯೆ ಹಾದುಹೋಗಿದ್ದು ಹೊಗೆಯಾಡೋ ಒಲೆ, ಉರಿಯೋ ಪಂಜು, ಅಂದ್ರೆ ದೇವರೇ, ಅವನು ಒಂದು ಹೆಜ್ಜೆನೂ ಇಟ್ಟಿಲ್ಲ. ಕೃಪೆ ಅಂತ ನಾವು ಹೇಳೋದು ಅಲ್ಲೇ ಇದೆ. ಧರ್ಮೋಪದೇಶಕಾಂಡ 24ರಲ್ಲೂ ಪರದೇಶಿ, ಅನಾಥ, ವಿಧವೆ ಮೇಲೆ ಕನಿಕರ ಇರ್ಲಿ ಅನ್ನೋ ಕಡೆ ಕೊಡೋ ಕಾರಣ ನೀವೂ ಐಗುಪ್ತದಲ್ಲಿ ದಾಸರಾಗಿದ್ರಿ ಅಂತಾನೇ. ಪ್ರವಾದಿ ಯೆರೆಮೀಯನ ಪುಸ್ತಕ 31ರ ಹೊಸ ಒಡಂಬಡಿಕೆ ಧರ್ಮಶಾಸ್ತ್ರ ಅಳಿಸ್ತೀನಿ ಅನ್ನಲ್ಲ, ಹೃದಯದಲ್ಲಿ ಬರೀತೀನಿ ಅನ್ನುತ್ತೆ. ಇನ್ನು ನೀವು ಬಿಡ್ತೀನಿ ಅಂದ ಪುಸ್ತಕಗಳು, ನಿನ್ನ ನೆರೆಯವನನ್ನ ನಿನ್ನಂತೆಯೇ ಪ್ರೀತಿಸು ಅನ್ನೋದು ಯಾಜಕಕಾಂಡ 19:18, ಅಡವಿಯಲ್ಲಿ ಸೈತಾನನಿಗೆ ಯೇಸು ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ್ದು. ಅವನ್ನ ಬಿಟ್ಟು ಯೇಸುವಿನ ಕಥೆ ಹೇಳೋ ಮತ್ತಾಯನ ಸುವಾರ್ತೆ ಹೇಗೆ ಓದ್ತೀರಿ?

ಈಗ ನಾನು ಮೈಸೂರಲ್ಲಿದ್ದೀನಿ, ಸಣ್ಣದಾಗಿ ಕಟ್ಟಡದ ಕಾಂಟ್ರ್ಯಾಕ್ಟ್ ಮಾಡ್ತೀನಿ. ಬೆಳಗ್ಗೆ ಓದೋದು ಹತ್ತು ಹನ್ನೆರಡು ವಚನ ಅಷ್ಟೆ. ಇದು ಇವತ್ತು ಯಾರ ವಿಷಯಕ್ಕೆ ಬರುತ್ತೆ ಅಂತ ಕೂತು ಯೋಚ್ನೆ ಮಾಡ್ತೀನಿ, ಹೆಸರು ಹೊಳೆದ್ರೆ ಪಕ್ಕದಲ್ಲಿ ಪೆನ್ಸಿಲಲ್ಲಿ ಬರೀತೀನಿ. ಗಾರೆಯೋರಿಗೆ ವಾರದ ಬಟವಾಡೆ ಇಲ್ಲ, ದಿನಾ ಸಂಜೆ ಸೈಟಲ್ಲೇ ಕೂಲಿ. ಇದಕ್ಕೆ ಕೈಸಾಲ ಮಾಡಿದ್ದೂ ಇದೆ.

ಆ್ಯಪ್ ಯಾವ್ದು ಅಂತ ಬೇರೆ ಕೇಳಿದ್ದೀರ, ಯಾವ್ದಾದ್ರೂ ಆಗುತ್ತೆ, ಎಷ್ಟು ದಿನ ತಪ್ಪದೆ ಓದಿದ್ರಿ ಅಂತ ಎಣಿಸಿ ತೋರಿಸೋದನ್ನ ಮಾತ್ರ ಆಫ್ ಮಾಡಿ. ಶುರು ಮಾಡೋಕೆ ಕೀರ್ತನೆ 119 ಚೆನ್ನಾಗಿದೆ, 176 ವಚನ, ಎಂಟೆಂಟು ವಚನದ 22 ಭಾಗ, ದಿನಕ್ಕೊಂದು ಭಾಗ ಸಾಕು. ಆಮೇಲೆ ಯಾಜಕಕಾಂಡ 19. ಅದನ್ನ ಒಂದೇ ದಿನಕ್ಕೆ ಮುಗಿಸ್ಬೇಡಿ, 13ನೇ ವಚನದಲ್ಲೂ ಕೂಲಿ ವಿಷಯ ಇದೆ, ಯಾರಿಗಾದ್ರೂ ಕೊಡೋದಿದ್ರೆ ಕೊಟ್ಟು ಬಂದು 14ನೇದು ಓದಿ.