ಹಬ್ಬ ಕೆಡಬಾರದೆಂದು ಮುಚ್ಚಿಟ್ಟ ಸಾವು: ಒಬ್ಬ ಧರ್ಮಗುರುಗಳ ಪ್ರಕರಣ

ಪುಣೆಯ ಒಂದು ಕಥೋಲಿಕ ಧರ್ಮಕೇಂದ್ರದ (ಚರ್ಚಿನ) ಗುರುಗಳು ಜುಲೈ ತಿಂಗಳ ಮಳೆಯಲ್ಲಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬಂದರು. ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ವಯಸ್ಸು ಐವತ್ತರ ಆಸುಪಾಸು, ಹುಟ್ಟೂರು ಹಾಸನದ ಕಡೆಯ ಹಳ್ಳಿ. ಪೂಜೆ, ಪ್ರಬೋಧನೆ, ಪಾಪನಿವೇದನೆ ಕೇಳುವುದು ಎಲ್ಲವೂ ಇಲ್ಲಿ ಮರಾಠಿ ಮತ್ತು ಇಂಗ್ಲಿಷಿನಲ್ಲಿ. ಮೊದಲ ಭೇಟಿಯಲ್ಲಿ ಅವರು ಹೇಳಿಕೊಂಡದ್ದು ಗಂಟಲಿನ ತೊಂದರೆಯನ್ನು ಮಾತ್ರ: ಪೂಜೆಯಲ್ಲಿ ‘ಅಲ್ಲೆಲೂಯ’ ಎಂಬ ದೇವಸ್ತುತಿ ಹಾಡಲು ಹೊರಟರೆ ಧ್ವನಿ ಕಟ್ಟಿಹೋಗುತ್ತದೆ, ವೈದ್ಯರು ಪರೀಕ್ಷಿಸಿ ಗಂಟಲಿನಲ್ಲಿ ದೋಷವೇನೂ ಇಲ್ಲ ಎಂದಿದ್ದಾರೆ. ಕನ್ನಡ ಬಲ್ಲ ಸಲಹೆಗಾರರೇ ಬೇಕೆಂದು ಅವರು ಊರೆಲ್ಲ ಹುಡುಕಿದ್ದು ಏಕೆಂಬುದು ನನಗೆ ಅರ್ಥವಾದದ್ದು ಎರಡನೆಯ ಭೇಟಿಯಲ್ಲಿ.

ಅವರ ತಾಯಿ ಪವಿತ್ರ ವಾರದ, ಅಂದರೆ ಪಾಸ್ಖ (ಈಸ್ಟರ್) ಹಬ್ಬದ ಹಿಂದಿನ ವಾರದ, ಬುಧವಾರ ರಾತ್ರಿ ತೀರಿಕೊಂಡಿದ್ದರು. ಗುರುವಾರ ಮಣ್ಣು ಮಾಡಿದರು. ಕಥೋಲಿಕ ಧರ್ಮಸಭೆಯ ನಿಯಮದಂತೆ ಪವಿತ್ರ ಗುರುವಾರದಿಂದ ಪಾಸ್ಖ ಭಾನುವಾರದವರೆಗೆ ಶವಸಂಸ್ಕಾರದ ಬಲಿಪೂಜೆ (ಮಾಸ್) ನಡೆಸುವಂತಿಲ್ಲವಾದ್ದರಿಂದ, ವಾಕ್ಯ ವಾಚನ ಮತ್ತು ಪ್ರಾರ್ಥನೆಯಷ್ಟರಲ್ಲೇ ಆ ತಾಯಿಯನ್ನು ಕಳುಹಿಸಿಕೊಡಬೇಕಾಯಿತು. ಮಗ ಅಲ್ಲಿರಲಿಲ್ಲ. ಸಹಾಯಕ ಗುರುಗಳು ಜ್ವರ ಬಂದು ಮಲಗಿದ್ದರು. ವರ್ಷದ ಅತ್ಯಂತ ದೊಡ್ಡ ಮೂರು ದಿನಗಳನ್ನು ಬಿಟ್ಟು ಹೊರಡಲು ಇವರಿಗೆ ಮನಸ್ಸು ಬರಲಿಲ್ಲ. ‘ಜನರ ಹಬ್ಬ ಕೆಡಬಾರದು ಅಂತ ಯಾರಿಗೂ ಹೇಳಲಿಲ್ಲ, ಮೇಡಂ,’ ಎಂದರು.

ಅದೇ ಗುರುವಾರ ಸಂಜೆ, ಯೇಸು ಶಿಷ್ಯರ ಪಾದ ತೊಳೆದುದನ್ನು ನೆನೆಯುವ ವಿಧಿಯಲ್ಲಿ, ಅವರು ಹನ್ನೆರಡು ಜನರ ಪಾದ ತೊಳೆದರು. 2016ರಿಂದ ಈ ವಿಧಿಯಲ್ಲಿ ಸ್ತ್ರೀಯರಿಗೂ ಅವಕಾಶವಿದೆ. ಆ ದಿನ ಕೊನೆಯಲ್ಲಿ ಕುಳಿತಿದ್ದವರು ಒಬ್ಬ ಅಜ್ಜಿ. ಅವರ ಹಿಮ್ಮಡಿ ಒಡೆದಿತ್ತು, ಬಿರುಕುಗಳಲ್ಲಿ ಅರಿಶಿನ ಮೆತ್ತಿತ್ತು. ಗದ್ದೆ ಕೆಲಸದ ದಿನಗಳಲ್ಲಿ ಗುರುಗಳ ಅವ್ವ ರಾತ್ರಿ ಹೊತ್ತು ಹಚ್ಚಿಕೊಳ್ಳುತ್ತಿದ್ದದ್ದೂ ಅರಿಶಿನವನ್ನೇ. ಆ ಕಾಲನ್ನು ಟವೆಲಿನಲ್ಲಿ ಒರೆಸುತ್ತಾ ಎಷ್ಟು ಹೊತ್ತು ಕುಳಿತರೋ ಅವರಿಗೆ ನೆನಪಿಲ್ಲ. ಪೂಜಾಸಹಾಯಕ ಹುಡುಗ ಭುಜ ಮುಟ್ಟಿದಾಗ ಎದ್ದರಂತೆ. ಶನಿವಾರ ರಾತ್ರಿಯ ಜಾಗರಣೆಯಲ್ಲಿ ಪುನರುತ್ಥಾನವನ್ನು ಸಾರುವ ಪಾಸ್ಖ ಘೋಷಣೆ ಹಾಡುವಾಗ ಧ್ವನಿ ಮೊದಲ ಸಲ ಕೈಕೊಟ್ಟಿತು.

ನಿದ್ರೆ, ಊಟ, ಸಾಯಬೇಕೆಂಬ ಯೋಚನೆ, ಇವುಗಳ ಬಗ್ಗೆ ನಾನು ನೇರವಾಗಿ ಕೇಳಿದೆ. ನಿದ್ರೆ ಕಡಿಮೆಯಾಗಿತ್ತು, ಉಳಿದದ್ದು ಗಾಬರಿಪಡುವಂತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣದ ಪ್ರಕಾರವೂ ಸಾವಿನ ನಂತರ ಕನಿಷ್ಠ 6 ತಿಂಗಳು ಕಳೆಯದೆ ದುಃಖವನ್ನು ಕಾಯಿಲೆಯೆಂದು ಹೆಸರಿಸುವುದಿಲ್ಲ. ಇವರಿಗೆ ಮೂರು ತಿಂಗಳಷ್ಟೇ ಆಗಿತ್ತು. ಅವರನ್ನು ಹಿಂಡುತ್ತಿದ್ದದ್ದು ಬೇರೆಯೇ. ಪಾಸ್ಖ ಕಾಲ 50 ದಿನ, ಪೆಂಟೆಕೋಸ್ಟ್ ಹಬ್ಬದವರೆಗೆ ಸಂತೋಷದ ಕಾಲ. ಅದರಲ್ಲಿ ಗುರುವೇ ಅತ್ತರೆ ಪುನರುತ್ಥಾನವನ್ನು ನಂಬದವನಂತಾಗುತ್ತದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ನಾನು ವಾದಕ್ಕಿಳಿಯಲಿಲ್ಲ. ಹಬ್ಬದ ಮರುದಿನಗಳಲ್ಲಿ ಪೀಠದಿಂದ ಯಾವ ಶುಭಸಂದೇಶದ ಭಾಗಗಳನ್ನು ಓದಿದಿರಿ ಎಂದು ಕೇಳಿದೆ. ಪಾಠ ಒಪ್ಪಿಸುವವರಂತೆ ಹೇಳತೊಡಗಿದರು: ಮಂಗಳವಾರ, ಮಗ್ದಲದ ಮರಿಯಳು ಯೇಸುವಿನ ಸಮಾಧಿಯ ಹೊರಗೆ ಅಳುತ್ತಾ ನಿಂತದ್ದು, ಬುಧವಾರ, ಎಮ್ಮಾವಿನ ದಾರಿಯಲ್ಲಿ ಇಬ್ಬರು ಶಿಷ್ಯರು ಮುಖ ಬಾಡಿಸಿಕೊಂಡು... ಅಲ್ಲಿಗೆ ನಿಂತರು. ಬಹಳ ಹೊತ್ತಿನ ಮೇಲೆ, ‘ಅದನ್ನ ನಾನೇ ಓದಿದ್ದೆನಲ್ಲ,’ ಎಂದು ಅತ್ತರು. ನನ್ನ ಎದುರು ಅವರು ಅತ್ತದ್ದು ಅದೇ ಮೊದಲು.

ಆಮೇಲೆ ಸಲಹೆ ಕೊಡುವುದು ಸುಲಭವಾಯಿತು. ಮೊದಲನೆಯದಾಗಿ ರಜೆ ತೆಗೆದುಕೊಳ್ಳಲು ಹೇಳಿದೆ. 1983ರ ಧರ್ಮಸಭಾ ಸಂಹಿತೆಯ 533ನೆಯ ವಿಧಿಯು ಧರ್ಮಕೇಂದ್ರದ ಗುರುಗಳಿಗೆ ವರ್ಷಕ್ಕೆ ಒಂದು ತಿಂಗಳವರೆಗೆ ರಜೆಗೆ ಅವಕಾಶ ಕೊಡುತ್ತದೆ. ಇವರು ಎರಡು ವರ್ಷಗಳಿಂದ ಅದನ್ನು ಮುಟ್ಟಿರಲಿಲ್ಲ, ತಾಯಿಯ ಮೂವತ್ತನೆಯ ದಿನಕ್ಕೂ ಒಂದು ರಾತ್ರಿ ಇದ್ದು ಮರಳಿದ್ದರು. ಹತ್ತು ದಿನ ಊರಿನಲ್ಲಿರಿ, ಪೂಜೆಯ ಮುಂದಾಳತ್ವವನ್ನು ಅಲ್ಲಿಯ ಗುರುಗಳಿಗೇ ಬಿಟ್ಟು ನೀವು ಬೆಂಚಿನ ಮೇಲೆ ಮಗನಾಗಿ ಕುಳಿತುಕೊಳ್ಳಿ, ಸಂಜೆ ಮನೆಯವರೊಡನೆ ಕನ್ನಡದಲ್ಲಿ ಜಪಮಾಲೆ ಹೇಳಿ ಎಂದೆ. ಅವರ ಕಣ್ಣೀರಿನ ಭಾಷೆ ಕನ್ನಡ. ಪುಣೆಯಲ್ಲಿ ಅದಕ್ಕೆ ಜಾಗವೇ ಸಿಕ್ಕಿರಲಿಲ್ಲ.

ಅಕ್ಕನ ವಿಷಯ ಕಠಿಣವಾಗಿತ್ತು. ‘ಊರವರ ಹೆಣಕ್ಕೆಲ್ಲ ಹೋದವನು ಅವ್ವನ ಹೆಣಕ್ಕೆ ಬರಲಿಲ್ಲ’ ಎಂದು ಆಕೆ ಮಾತು ಬಿಟ್ಟಿದ್ದರು. ಅಕ್ಕನಿಗೆ ಪವಿತ್ರ ವಾರದ ನಿಯಮಗಳನ್ನು ವಿವರಿಸಲು ಹೋಗಬೇಡಿ, ಆಕೆ ಹೇಳಿದ್ದು ನಿಜವೆಂದು ಒಪ್ಪಿಕೊಂಡು, ಅವ್ವನ ಕೊನೆಯ ವಾರ ಹೇಗಿತ್ತೆಂದು ಕೇಳಿ ಎಂದು ಸೂಚಿಸಿದೆ. ಕೇಳಿದರು. ಆಕೆ ಉತ್ತರಿಸಿದರು, ಆದರೆ ಹಳೆಯ ಸಲುಗೆ ಇನ್ನೂ ಮರಳಿಲ್ಲ.

ಇನ್ನೊಂದು, ಧರ್ಮಕೇಂದ್ರದ ಭಕ್ತರ ಪ್ರತಿನಿಧಿಗಳಿರುವ ಪಾಲನಾ ಪರಿಷತ್ತಿಗೆ ವಿಷಯ ತಿಳಿಸುವುದು. ಇದನ್ನು ಅವರು ಬಹಳ ವಿರೋಧಿಸಿದರು. ಗುರುಗಳನ್ನು ಊಟಕ್ಕೆ, ಮನೆ ಆಶೀರ್ವದಿಸುವುದಕ್ಕೆ ಎಲ್ಲರೂ ಕರೆಯುತ್ತಾರೆ, ಅವರ ಮನೆಯವರನ್ನು ವಿಚಾರಿಸುವವರು ಕಡಿಮೆ. ಆದರೆ ಬಾಯಿ ಬಿಡದವರನ್ನು ವಿಚಾರಿಸುವುದಾದರೂ ಹೇಗೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ತಾನು ಕೈಯಾರೆ ವರ್ಷದ ಅಂಕಿಗಳನ್ನು ಕೊರೆದ ಪಾಸ್ಖ ಮೇಣದಬತ್ತಿಯನ್ನು ಆ ಮೂರು ತಿಂಗಳಲ್ಲಿ ಎಷ್ಟೋ ಜನರ ಶವಪೆಟ್ಟಿಗೆಯ ಪಕ್ಕದಲ್ಲಿ ಅವರು ಹೊತ್ತಿಸಿದ್ದರು. ಆ ಮನೆಗಳವರಿಗಾದರೂ ಇವರ ದುಃಖ ಗೊತ್ತಿರಬೇಕಲ್ಲವೇ? ಆಗಸ್ಟಿನಲ್ಲಿ ಹೇಳಿದರು. ಹಾಗೆ ಕಳೆದುಕೊಂಡವರಲ್ಲಿ ಇಬ್ಬರು ಅಂದು ಸಂಜೆಯೇ ಗುರುಮನೆಗೆ ಬಂದು, ಹೆಚ್ಚು ಮಾತಿಲ್ಲದೆ ಕುಳಿತು ಹೋದರಂತೆ.

ನವೆಂಬರ್ 2ರ ಮೃತರ ಸ್ಮರಣೆಗೆ ಹೆಸರು ಬರೆಸುವ ಪುಸ್ತಕದಲ್ಲಿ ದೇವನಾಗರಿ, ರೋಮನ್ ಲಿಪಿಗಳ ನಡುವೆ ತಾಯಿಯ ಹೆಸರನ್ನು ಅವರು ಕನ್ನಡದಲ್ಲಿ ಬರೆದರು. ಧ್ವನಿ ಈಗ ಬಹುಮಟ್ಟಿಗೆ ಸರಿಹೋಗಿದೆ. ಬರುವ ಪಾಸ್ಖ ಜಾಗರಣೆಯ ಘೋಷಣೆಯನ್ನು ಹಾಡಲೇಬೇಕೇ ಎಂದು ಕಳೆದ ಭೇಟಿಯಲ್ಲಿ ಕೇಳಿದ್ದರು. ಅದನ್ನು ಬೇರೊಬ್ಬರು ಹಾಡಲು ವಿಧಿಯೇ ಅನುಮತಿಸುತ್ತದೆ ಎಂದು ತಾವೇ ನೆನಪಿಸಿಕೊಂಡು, ಈ ಸಲ ಸಹಾಯಕ ಗುರುಗಳಿಗೆ ಒಪ್ಪಿಸಿದ್ದಾರೆ. ಮುಂದಿನ ಭೇಟಿ, ಪಾಸ್ಖಕ್ಕೆ ಮುಂಚಿನ ಉಪವಾಸ ಕಾಲ ಶುರುವಾಗುವ ವಿಭೂತಿ ಬುಧವಾರದ ನಂತರ.