ಲೆಕ್ಕದ ಪುಸ್ತಕ ಆಮೇಲೆ, ಮೊದಲು ರಕ್ತದೊತ್ತಡ

ತೀರ್ಥಹಳ್ಳಿ ಸೀಮೆಯ ಸೊಸೆಯೊಬ್ಬರು ಬರೆದಿರುವ ಪತ್ರವನ್ನು ಓದಿ ನನಗೆ ಕನಿಕರಕ್ಕಿಂತ ಮೊದಲು ಸಿಟ್ಟು ಬಂದಿತು. ಅವರ ಮಾವನಿಗೆ 68 ವರ್ಷ. ಅಡಿಕೆ ತೋಟದ ಯಜಮಾನರು. ಒಂದು ವರ್ಷದಿಂದ ಅವರು ಜಗಲಿ ಬಿಟ್ಟು ಏಳುವುದಿಲ್ಲ, ಅಡಿಕೆ ಮಂಡಿಯ ಲೆಕ್ಕಪಟ್ಟಿ ಕೂಡಿಸಲು ಕುಳಿತು ಅರ್ಧಕ್ಕೇ ಬಿಡುತ್ತಾರೆ, ಕೂಲಿಯವರಿಗೆ ಕೊಟ್ಟ ಹಣವನ್ನೇ ಮತ್ತೆ ಕೊಡುತ್ತಾರೆ, ಸಣ್ಣ ಮಾತಿಗೂ ಕಣ್ಣೀರು ತುಂಬಿಕೊಳ್ಳುತ್ತಾರೆ. ಗಂಡ ಇದನ್ನು ಸೋಮಾರಿತನ ಎನ್ನುತ್ತಾರೆ. ಬೆಂಗಳೂರಿನ ಮೈದುನ, ಅಪ್ಪ ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಪಾಲುಪಟ್ಟಿ ಆಗಿಬಿಡಲಿ ಎನ್ನುತ್ತಾರೆ. ಲೆಕ್ಕದ ಪುಸ್ತಕವನ್ನು ತಾನು ಕೇಳಿ ತೆಗೆದುಕೊಂಡರೆ ಸೊಸೆ ಯಜಮಾನಿಕೆ ಕಿತ್ತುಕೊಂಡಳೆಂಬ ಮಾತು ಬರುವುದಿಲ್ಲವೇ ಎಂಬುದು ಅವರ ಪ್ರಶ್ನೆ.

ತಾಯಿ, ಪುಸ್ತಕದ ಮಾತು ಆಮೇಲೆ. ಮೂರನೆಯ ಪುಟದಲ್ಲಿ ನೀವು ಆವರಣದೊಳಗೆ ಎರಡು ಸಾಲು ಬರೆದು ಮುಂದೆ ಹೋಗಿದ್ದೀರಿ. ಕಳೆದ ದೀಪಾವಳಿಯ ಹೊತ್ತಿಗೆ, ಅಡಿಕೆ ಗೊನೆ ಕೊಯ್ಲಿನ ದಿನ, ಮಾವನವರ ಬಲಗೈಯಿಂದ ಕವಳದ (ಎಲೆಯಡಿಕೆಯ) ತಟ್ಟೆ ಜಾರಿ ಬಿತ್ತು, ಹತ್ತು ನಿಮಿಷ ಮಾತು ತೊದಲಿತು, ಪಿತ್ತ ಕೆದರಿದೆಯೆಂದು ಕಷಾಯ ಕುಡಿಸಿ ಮಲಗಿಸಿದಿರಿ, ಸಂಜೆಯ ಹೊತ್ತಿಗೆ ಎಲ್ಲ ಸರಿಯಾಯಿತು. ನಿಮ್ಮ ಇಡೀ ಪತ್ರದ ತಿರುಳು ಆ ಎರಡು ಸಾಲಿನಲ್ಲಿದೆ. ಅದು ಪಿತ್ತವಲ್ಲ, ಮೆದುಳಿನ ಒಂದು ಭಾಗಕ್ಕೆ ರಕ್ತ ಹೋಗುವುದು ಸ್ವಲ್ಪ ಹೊತ್ತು ನಿಂತು ಮತ್ತೆ ಶುರುವಾದ ಲಕ್ಷಣ. ವೈದ್ಯರು ಇದನ್ನು ಟಿ.ಐ.ಎ. ಎನ್ನುತ್ತಾರೆ. ಹೀಗಾದವರಿಗೆ ಪೂರ್ತಿ ಪಾರ್ಶ್ವವಾಯು ಬಡಿಯುವ ಅಪಾಯ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ತಾನಾಗಿ ಸರಿಹೋಯಿತೆಂಬ ನೆಮ್ಮದಿಯಲ್ಲಿ ಆ ದಿನಗಳನ್ನು ಕಳೆದುಬಿಟ್ಟಿರಿ.

ಇನ್ನು ನೀವು ಬಿಡಿಬಿಡಿಯಾಗಿ ಬರೆದಿರುವುದನ್ನು ಸಾಲಾಗಿ ಜೋಡಿಸಿಕೊಳ್ಳಿ. ದೀಪಾವಳಿಯಲ್ಲಿ ಕೈ ಸೋತಿತು. ಬೇಸಿಗೆಯಲ್ಲಿ ಹೆಜ್ಜೆ ಚಿಕ್ಕದಾಯಿತು, ಹಳ್ಳದ ಸಂಕ (ಕಾಲುಸೇತುವೆ) ದಾಟಲು ಮೊಮ್ಮಗನ ಕೈ ಬೇಕಾಯಿತು, ರಾತ್ರಿ ಮೂತ್ರಕ್ಕೆ ಅವಸರವಾಗತೊಡಗಿತು. ಮುಂಗಾರಿನಲ್ಲಿ, ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಕೆಟ್ಟಿತು. ಈ ಕೊನೆಯದನ್ನು ನಿಮ್ಮ ಪತಿ ಎರಡು ಡ್ರಮ್ಮು ಔಷಧ ಹಾಳಾದ ನಷ್ಟವೆಂದು ಮಾತ್ರ ಕಂಡರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಕಬ್ಬಿಣದ ಕತ್ತಿ ಅದ್ದಿ ತಾಮ್ರದ ಬಣ್ಣ ಅಂಟುತ್ತದೆಯೇ ಎಂದು ನೋಡಬೇಕು. ಕೊಳೆರೋಗದ ವಿರುದ್ಧ ಇಡೀ ಜೀವಮಾನ ಇದನ್ನು ಮಾಡಿದವರು ಈ ಸಲ ಸುಣ್ಣವನ್ನು ತುತ್ತಕ್ಕೆ ಸುರಿದರು, ಕತ್ತಿ ಅದ್ದಲಿಲ್ಲ, ಹೇಳಲು ಬಂದ ಕೊನೆಗೌಡನ (ಮರ ಹತ್ತಿ ಗೊನೆ ಕೊಯ್ಯುವವನ) ಮೇಲೆ ರೇಗಿದರು.

ಹಳೆಯ ವರ್ಷಗಳ ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆಯನ್ನು ಅವರು ಇಂದಿಗೂ ಹೇಳುತ್ತಾರೆ, ಆದ್ದರಿಂದ ಇದು ಮರೆವಿನ ರೋಗವಲ್ಲ ಎಂಬುದು ಮನೆಯವರ ವಾದ. ಆದರೆ ರಕ್ತನಾಳಗಳ ತೊಂದರೆಯಿಂದ ಬರುವ ಡಿಮೆನ್ಷಿಯಾದಲ್ಲಿ (ಬುದ್ಧಿಶಕ್ತಿ ಕುಂದುವ ಕಾಯಿಲೆಯಲ್ಲಿ) ಅನೇಕರಿಗೆ ನೆನಪು ಮೊದಲು ಹೋಗುವುದಿಲ್ಲ. ಯಾವುದರ ನಂತರ ಯಾವುದು ಎಂದು ಯೋಜಿಸುವುದು, ಲೆಕ್ಕ ಹಿಡಿಯುವುದು, ಎರಡು ಕೆಲಸಗಳ ನಡುವೆ ಗಮನ ಹೊರಳಿಸುವುದು ಮೊದಲು ನಿಧಾನವಾಗುತ್ತವೆ. ಉತ್ಸಾಹ ಬತ್ತುತ್ತದೆ, ಅಳು ನಗು ಹಿಡಿತಕ್ಕೆ ಸಿಗುವುದಿಲ್ಲ. ತೋಟದ ಕೊನೆಯ ಸಾಲಿನ ಹನಿ ಪೈಪು ಕಟ್ಟಿಕೊಂಡರೆ ಮರ ಅಂದೇ ಒಣಗಿ ಬೀಳುವುದಿಲ್ಲ. ಮೆದುಳಿನ ಒಳಭಾಗದ ಸಣ್ಣ ರಕ್ತನಾಳಗಳು ಮುಚ್ಚಿದಾಗ ಆಗುವುದೂ ಅಷ್ಟೇ. ಕೆಲವರು ಮೆಟ್ಟಿಲಿಳಿದಂತೆ ಕುಸಿಯುತ್ತಾರೆ, ಕೆಲವರು ನಿಧಾನವಾಗಿ.

ಈಗ ನಿಜವಾದ ತಪ್ಪಿತಸ್ಥರ ಮಾತಿಗೆ ಬರೋಣ. ನಿಮ್ಮ ಪತಿ ಒರಟರು, ಮೈದುನ ಅವಸರದವರು, ಆದರೆ ನನ್ನ ಕೋಪ ಇರುವುದು ನಿಮ್ಮ ಅತ್ತೆಯ ತಮ್ಮನ ಮೇಲೆ. ಬಿ.ಪಿ. ಮಾತ್ರೆ ಒಮ್ಮೆ ಅಂಟಿದರೆ ಸಾಯುವ ತನಕ ಬಿಡುವುದಿಲ್ಲ ಎಂದು ಹೆದರಿಸಿ, ಎರಡು ವರ್ಷದ ಹಿಂದೆ ಮಾವನವರ ಮಾತ್ರೆ ನಿಲ್ಲಿಸಿದ ಆ ಮಹಾನುಭಾವರು ಈಗ ಪಾಲಿನ ಪಂಚಾಯಿತಿಗೂ ಮುಂದಾಗಿ ಬಂದು ಕೂರುತ್ತಾರಂತೆ. ಈ ಅಂಕಣದಲ್ಲಿ ನಾನು ಎಷ್ಟು ಸಲ ಬರೆದರೂ ದಣಿಯದ ಮಾತೊಂದಿದೆ: ಮಲೆನಾಡಿನ ಪ್ರತಿ ಮನೆಯಲ್ಲೂ ಕಾಫಿ ಫಿಲ್ಟರಿನ ಪಕ್ಕದಲ್ಲೇ ಒಂದು ಬಿ.ಪಿ. ಯಂತ್ರ ಇರಬೇಕು. ರಕ್ತನಾಳಗಳಿಂದ ಬರುವ ಈ ಡಿಮೆನ್ಷಿಯಾಕ್ಕೆ ಅತಿ ದೊಡ್ಡ, ಹಿಡಿತಕ್ಕೆ ಸಿಗುವ ಕಾರಣ ಅಧಿಕ ರಕ್ತದೊತ್ತಡವೇ, ಅದರಲ್ಲೂ ನಡುವಯಸ್ಸಿನಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು. 2019ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಮೇಲಿನ ಅಂಕಿಯನ್ನು 120ಕ್ಕಿಂತ ಕೆಳಗಿಡಲು ಚಿಕಿತ್ಸೆ ಪಡೆದವರಲ್ಲಿ, 140ರ ಗುರಿಯವರಿಗಿಂತ ಅರಿವಿನ ಆರಂಭಿಕ ಕುಸಿತ ಕಡಿಮೆ ಕಂಡಿತು. ಯಾರಿಗೆ ಎಷ್ಟು ಇಳಿಸಬೇಕೆಂಬುದನ್ನು ವೈದ್ಯರು ನಿರ್ಧರಿಸಲಿ, ಭಾವಮೈದುನರಲ್ಲ. ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಲಯ ತಪ್ಪಿದ ಹೃದಯ ಬಡಿತ, ಧೂಮಪಾನ ಇವೂ ಕಾರಣಗಳೇ. ಕವಳದೊಳಗಿನ ತಂಬಾಕು ರಕ್ತದೊತ್ತಡವನ್ನು ಏರಿಸುತ್ತದೆ. ಜಾಡಿಯ ಮಿಡಿ ಉಪ್ಪಿನಕಾಯಿಯನ್ನು ದಿನಕ್ಕೆರಡು ಹೊತ್ತು ಬಡಿಸುವ ಅತ್ತೆಯವರಿಗೆ, ದಿನದ ಒಟ್ಟು ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದನ್ನು ಮೆಲ್ಲಗೆ ತಿಳಿಸಿ.

ನೀವು ಮಾಡಬೇಕಾದದ್ದು ಒಂದೇ. ಈ ವಾರ ಮುಗಿಯುವುದರೊಳಗೆ ಮಾವನವರನ್ನು ಶಿವಮೊಗ್ಗಕ್ಕೆ ಕರೆತಂದು ನರರೋಗ ತಜ್ಞರ ಮುಂದೆ, ಅವರು ಸಿಗದಿದ್ದರೆ ಮೆಗ್ಗಾನ್ ಆಸ್ಪತ್ರೆಯ ಮೆಡಿಸಿನ್ ವಿಭಾಗದಲ್ಲಿ, ಕೂರಿಸಿ ಆ ಹತ್ತು ನಿಮಿಷದ ಸಂಗತಿಯನ್ನೇ ಎಲ್ಲಕ್ಕಿಂತ ಮೊದಲು ಹೇಳಿ. ಮಾತ್ರೆ ನಿಲ್ಲಿಸಿದ್ದನ್ನೂ ಮುಚ್ಚಿಡಬೇಡಿ. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ: ಇ.ಸಿ.ಜಿ., ಸಕ್ಕರೆ, ಕತ್ತಿನ ರಕ್ತನಾಳಗಳ ಸ್ಕ್ಯಾನ್, ಮೆದುಳಿನ ಎಂ.ಆರ್.ಐ., ಜೊತೆಗೆ ಇಂಥದೇ ಲಕ್ಷಣ ತೋರಬಲ್ಲ ಬಿ-12 ಕೊರತೆ, ಥೈರಾಯ್ಡ್ ಮತ್ತು ಖಿನ್ನತೆಯ ಪರೀಕ್ಷೆ. ಗಡಿಯಾರದ ಚಿತ್ರ ಬರೆಸಬಹುದು, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತದೆಂದು ಕೇಳಬಹುದು. ಮಾವ ನಿಧಾನಿಸಿದರೆ ನೀವು ಪಕ್ಕದಲ್ಲಿ ಕುಳಿತು ಉತ್ತರ ಹೇಳಿಕೊಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ಶುರುಮಾಡಲೂಬೇಡಿ. ಸತ್ತ ಮೆದುಳಿನ ಭಾಗ ಮರಳಿ ಬರುವುದಿಲ್ಲ ಎಂಬುದನ್ನು ಸ್ಪಷ್ಟವಾಗಿಯೇ ಹೇಳುತ್ತೇನೆ. ಮುಂದಿನ ಹಾನಿಯನ್ನು ತಡೆಯಲು ಅಥವಾ ನಿಧಾನಗೊಳಿಸಲು ಸಾಧ್ಯವಿದೆ, ಅದಕ್ಕಾಗಿಯೇ ಈ ಅವಸರ. ಇನ್ನೊಮ್ಮೆ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕಷಾಯದ ಒಲೆ ಹಚ್ಚದೆ 108ಕ್ಕೆ ಕರೆ ಮಾಡಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ಲಕ್ಷಣ ಶುರುವಾದಾಗಿನಿಂದ ನಾಲ್ಕೂವರೆ ಗಂಟೆ, ಘಟ್ಟದ ದಾರಿಯಲ್ಲಿ ಅದು ಬಹಳ ಬೇಗ ಕರಗುತ್ತದೆ.

ಲೆಕ್ಕದ ಪುಸ್ತಕ ಅವರ ಬಳಿಯೇ ಇರಲಿ. ಬರೆಯುವುದು ಅವರು, ರಾತ್ರಿ ಜೊತೆಗೆ ಕುಳಿತು ಕೂಡಿಸುವುದು ನೀವು. ಪಾಲುಪಟ್ಟಿಗೆ ಮಾತ್ರ, ವೈದ್ಯರ ವರದಿ ಕೈಗೆ ಬರುವ ತನಕ, ಅವರಿಂದ ಒಂದು ಸಹಿಯನ್ನೂ ಹಾಕಿಸಲು ಬಿಡಬೇಡಿ.